ದ್ವಿಚಕ್ರ ವಾಹನಕ್ಕೆ ಮಿತವ್ಯಯದ ಜಿಪಿಎಸ್: ಕೊಳ್ಳುವ ಮುನ್ನ ತಿಳಿಯಬೇಕಾದ ಸಂಗತಿಗಳು

ಮೈಸೂರು ರಸ್ತೆಯ ದೀಪಾಂಜಲಿ ನಗರದಿಂದ ಪ್ರತಿದಿನ ಬೆಳಿಗ್ಗೆ ಹೊರಡುವ ದ್ವಿಚಕ್ರ ವಾಹನಗಳಲ್ಲಿ ಕಚೇರಿಗೆ ಹೋಗುವವರಷ್ಟೇ ಇರುವುದಿಲ್ಲ. ಬಿಡಿಭಾಗಗಳ ಪೆಟ್ಟಿಗೆಯನ್ನು ಹಿಂದಿನ ಸೀಟಿಗೆ ಬಿಗಿದುಕೊಂಡು ಕುಂಬಳಗೋಡು, ಬಿಡದಿಗಳ ಕಾರ್ಖಾನೆಗಳಿಗೆ ಹೋಗುವ ಹುಡುಗರು, ಕಾಮಾಕ್ಷಿಪಾಳ್ಯದ ಲೇತ್ ಘಟಕಗಳಿಂದ ಮಾಲು ತರುವವರು, ಬಾಕಿ ವಸೂಲಿಗೆ ತಿರುಗುವವರು, ಯಂತ್ರ ದುರಸ್ತಿಗೆ ತೆರಳುವ ತಂತ್ರಜ್ಞರೂ ಇರುತ್ತಾರೆ. ಸಣ್ಣ ಉದ್ದಿಮೆದಾರನ ಪಾಲಿಗೆ ಬೈಕೇ ಲಾರಿ, ಬೈಕೇ ಶಾಖಾ ಕಚೇರಿ. ವಿಳಾಸ ಹುಡುಕುವುದರಲ್ಲಿ ಕಳೆಯುವ ಅರ್ಧ ಗಂಟೆಯು ಪೆಟ್ರೋಲಿನ ಲೆಕ್ಕದಲ್ಲಿ ಕಾಣುತ್ತದೆ. ಕೈತಪ್ಪಿದ ಗಿರಾಕಿಯ ಲೆಕ್ಕ ಯಾವ ಪುಸ್ತಕದಲ್ಲಿಯೂ ಕಾಣುವುದಿಲ್ಲ.

ಈ ಕಾರಣದಿಂದ ಬೈಕಿಗೆ ಜಿಪಿಎಸ್ ಅಳವಡಿಸುವ ವಿಚಾರವನ್ನು ಅನೇಕ ವರ್ತಕರು ಆಲೋಚಿಸುತ್ತಾರೆ. ಆದರೆ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ವಿಚಾರಿಸಿದರೆ ಒಂದೇ ಹೆಸರಿನಲ್ಲಿ ಹತ್ತಾರು ಬಗೆಯ ಸಾಧನಗಳು ಎದುರಾಗುತ್ತವೆ. ಯಾವುದನ್ನು, ಏತಕ್ಕಾಗಿ, ಎಷ್ಟು ಹಣ ಕೊಟ್ಟು ಕೊಳ್ಳಬೇಕು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಜಿಪಿಎಸ್ ಕೆಲಸ ಮಾಡುವ ಬಗೆ

ಜಿಪಿಎಸ್ ಎಂಬುದು ಅಮೆರಿಕವು ನಡೆಸುವ ಉಪಗ್ರಹ ವ್ಯವಸ್ಥೆಯ ಹೆಸರು. ಇದರ ಉಪಗ್ರಹಗಳು ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಿದ್ದು, ನಿಖರವಾದ ಸಮಯವನ್ನು ನಿರಂತರ ಬಿತ್ತರಿಸುತ್ತವೆ. ಆ ಸಂಕೇತವು ತನ್ನನ್ನು ತಲುಪಲು ತೆಗೆದುಕೊಂಡ ಕಾಲದಿಂದ ನಮ್ಮ ಸಾಧನವು ದೂರವನ್ನು ಲೆಕ್ಕ ಹಾಕುತ್ತದೆ. ಸಮಯದಲ್ಲಿ ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದಷ್ಟು ತಪ್ಪಾದರೂ ದೂರದಲ್ಲಿ 300 ಮೀಟರ್ ವ್ಯತ್ಯಾಸವಾಗುತ್ತದೆ. ನಮ್ಮ ಸಾಧನದ ಗಡಿಯಾರ ಅಷ್ಟು ನಿಖರವಲ್ಲವಾದ್ದರಿಂದ ಅದನ್ನು ಸರಿಪಡಿಸಿಕೊಳ್ಳಲು ಮೂರರ ಬದಲು ಕನಿಷ್ಠ ನಾಲ್ಕು ಉಪಗ್ರಹಗಳು ಬೇಕಾಗುತ್ತವೆ.

ನಾಗರಿಕ ಬಳಕೆಯ ಸಂಕೇತದಲ್ಲಿ ಉದ್ದೇಶಪೂರ್ವಕವಾಗಿ ಬೆರೆಸಲಾಗುತ್ತಿದ್ದ ದೋಷವನ್ನು ಅಮೆರಿಕ 2000ದ ಮೇ ತಿಂಗಳಲ್ಲಿ ನಿಲ್ಲಿಸಿತು. ಇಂದು ತೆರೆದ ಆಕಾಶದ ಕೆಳಗೆ ಸಾಧಾರಣ ಫೋನೂ ಸುಮಾರು 5 ಮೀಟರ್ ಅಂತರದೊಳಗೆ ಸ್ಥಾನವನ್ನು ಗುರುತಿಸಬಲ್ಲದು. ರಷ್ಯಾದ ಗ್ಲೋನಾಸ್, ಯುರೋಪಿನ ಗೆಲಿಲಿಯೋ, ಚೀನಾದ ಬೈದೌ ಹಾಗೂ ನಮ್ಮ ಇಸ್ರೋದ ನಾವಿಕ್ ವ್ಯವಸ್ಥೆಗಳೂ ಬಳಕೆಗೆ ಬಂದಿವೆ.

ನಾವಿಕ್‌ನ ಮೊದಲ ಉಪಗ್ರಹ 2013ರ ಜುಲೈ 1ರಂದು ಉಡಾವಣೆಯಾಯಿತು. ಇದರ ಸಂಚಾರ ನಿರ್ದೇಶನ ಕೇಂದ್ರವಿರುವುದು ಮೈಸೂರು ರಸ್ತೆಯಲ್ಲಿ ಹೋಗಿ ಬಿಡದಿಯ ಬಳಿ ತಿರುಗಿದರೆ ಸಿಗುವ ಬ್ಯಾಲಾಳುವಿನಲ್ಲಿ ಎಂಬುದು ನಮ್ಮ ಭಾಗದವರಿಗೆ ಹೆಮ್ಮೆಯ ವಿಷಯ. ಆದರೂ ಕೆಲವು ಉಪಗ್ರಹಗಳ ಪರಮಾಣು ಗಡಿಯಾರಗಳು ಕೆಟ್ಟಿರುವುದರಿಂದ ನಾವಿಕ್ ಒಂದನ್ನೇ ನೆಚ್ಚಿದ ಸಾಧನ ಬೇಡ. ಜಿಪಿಎಸ್ ಜೊತೆಗೆ ಇತರ ವ್ಯವಸ್ಥೆಗಳನ್ನೂ ಗ್ರಹಿಸುವ ಸಾಧನವೇ ಲೇಸು. ಎಷ್ಟು ಹೆಚ್ಚು ಉಪಗ್ರಹಗಳು ಕಂಡರೆ ಅಷ್ಟು ಬೇಗ, ಅಷ್ಟು ಸರಿಯಾಗಿ ಸ್ಥಾನ ಸಿಗುತ್ತದೆ.

ನಗರದಲ್ಲಿ ಒಂದು ತೊಡಕುಂಟು. ದೀಪಾಂಜಲಿ ನಗರ ನಿಲ್ದಾಣದ ಮೂಲಕ ಹಾಯುವ ಎತ್ತರದ ಮೆಟ್ರೋ ಮಾರ್ಗದ ಕೆಳಗೆ ಆಕಾಶದ ಒಂದು ಭಾಗ ಮುಚ್ಚಿರುತ್ತದೆ. ಎತ್ತರದ ಗೋಡೆಗಳಿಗೆ ಬಡಿದು ಬರುವ ಸಂಕೇತ ಹೆಚ್ಚು ದೂರ ಕ್ರಮಿಸಿ ಬರುವುದರಿಂದ ಲೆಕ್ಕ ತಪ್ಪುತ್ತದೆ. ಸಿರ್ಸಿ ವೃತ್ತದ ಕಡೆ ಹೋಗುವಾಗ ವಾಹನ ಮೇಲ್ಸೇತುವೆಯ ಮೇಲಿದೆಯೋ ಕೆಳಗಿದೆಯೋ ಎಂಬುದನ್ನು ಸಾಧನ ಅನೇಕ ವೇಳೆ ಗೊಂದಲ ಮಾಡಿಕೊಳ್ಳುತ್ತದೆ. ಹೆಚ್ಚಿನ ಬೆಲೆ ಕೊಟ್ಟರೂ ಈ ದೋಷ ಸಂಪೂರ್ಣ ನೀಗುವುದಿಲ್ಲ. ಎರಡು ತರಂಗಾಂತರಗಳನ್ನು ಗ್ರಹಿಸುವ ಸಾಧನಗಳಲ್ಲಿ ಇದು ಕಡಿಮೆ.

ಮೊದಲು ಉದ್ದೇಶ, ಆಮೇಲೆ ಸಾಧನ

ಮಾರುಕಟ್ಟೆಯಲ್ಲಿ ಜಿಪಿಎಸ್ ಎಂದು ಮಾರುವ ವಸ್ತುಗಳು ಎರಡು ಬೇರೆ ಬೇರೆ ಕೆಲಸಗಳಿಗೆ ಸೇರಿದವು. ದಾರಿ ತೋರಿಸುವ ಸಾಧನ ಸವಾರನಿಗಾಗಿ. ವಾಹನ ಎಲ್ಲಿದೆಯೆಂದು ತಿಳಿಸುವ ಟ್ರ್ಯಾಕರ್ ಮಾಲೀಕನಿಗಾಗಿ. ಟ್ರ್ಯಾಕರಿಗೆ ಪರದೆಯಿರುವುದಿಲ್ಲ, ಅದು ಸ್ಥಾನವನ್ನು ಸಿಮ್ ಮೂಲಕ ಕಂಪನಿಯ ಸರ್ವರಿಗೆ ಕಳುಹಿಸುತ್ತದೆ. ದಾರಿ ತೋರಲೆಂದು ಟ್ರ್ಯಾಕರ್ ಕೊಂಡು ಪೇಚಾಡುವುದನ್ನು ತಪ್ಪಿಸಲು ಅಂಗಡಿಗೆ ಹೋಗುವ ಮುನ್ನವೇ ತನಗೆ ಬೇಕಾದುದು ಯಾವುದೆಂದು ನಿರ್ಧರಿಸಿಕೊಳ್ಳಬೇಕು.

ದಾರಿ ತೋರುವ ಸಾಧನ

ಗಾರ್ಮಿನ್ ಮೊದಲಾದ ಕಂಪನಿಗಳು ಬೈಕಿಗೆಂದೇ ತಯಾರಿಸುವ ನ್ಯಾವಿಗೇಟರ್‌ಗಳು ಮಳೆ, ಕಂಪನ, ಬಿಸಿಲುಗಳನ್ನು ಚೆನ್ನಾಗಿ ತಾಳಿಕೊಳ್ಳುತ್ತವೆ. ಕೈಗವಸು ಧರಿಸಿಯೂ ಬಳಸಬಹುದು. ಆದರೆ ಅವುಗಳ ಬೆಲೆ ಸಾಧಾರಣ ಫೋನಿನ ಹಲವು ಪಟ್ಟು. ದೂರದ ಪ್ರವಾಸ ಮಾಡುವವರಿಗೆ ಅವು ತಕ್ಕವು. ನಗರದೊಳಗೆ ಮಾಲು ತಲುಪಿಸುವವರಿಗೆ ಆ ವೆಚ್ಚ ಅನಗತ್ಯ.

ನಮ್ಮ ಬಹುಪಾಲು ಸದಸ್ಯರಿಗೆ ಸಾಧಾರಣ ಬೆಲೆಯ ಒಂದು ಆಂಡ್ರಾಯ್ಡ್ ಫೋನು, ಒಂದು ಗಟ್ಟಿ ಮೌಂಟ್, ಒಂದು ಚಾರ್ಜರ್ ಸಾಕು. ಗೂಗಲ್ ಮ್ಯಾಪ್ಸ್‌ನಲ್ಲಿ ದ್ವಿಚಕ್ರ ವಾಹನದ ಪ್ರತ್ಯೇಕ ಮಾರ್ಗದರ್ಶನ 2017ರ ಡಿಸೆಂಬರಿನಲ್ಲಿ ಮೊದಲಿಗೆ ಭಾರತದಲ್ಲಿಯೇ ಆರಂಭವಾಯಿತು. ಸ್ವದೇಶಿ ಮ್ಯಾಪ್‌ಮೈಇಂಡಿಯಾ ಸಂಸ್ಥೆಯ ಮ್ಯಾಪಲ್ಸ್ ತಂತ್ರಾಂಶವೂ ಲಭ್ಯವಿದೆ. ಉಪಗ್ರಹದ ಸಂಕೇತ ಗ್ರಹಿಸಲು ಇಂಟರ್‌ನೆಟ್ ಬೇಕಿಲ್ಲ. ನಕಾಶೆಯನ್ನು ತರಿಸಿಕೊಳ್ಳಲು ಮಾತ್ರ ಬೇಕು. ಆದ್ದರಿಂದ ಬೇಕಾದ ಪ್ರದೇಶದ ನಕಾಶೆಯನ್ನು ಮನೆಯಲ್ಲಿಯೇ ಇಳಿಸಿಕೊಂಡು ಇಟ್ಟರೆ ನೆಟ್‌ವರ್ಕ್ ಇಲ್ಲದೆಡೆಯೂ ಕೆಲಸ ನಡೆಯುತ್ತದೆ.

ಫೋನು ಆರಿಸುವಾಗ ಗಮನಿಸಬೇಕಾದ ಅಂಶಗಳಿವು:

1. ಪರದೆಯ ಬೆಳಕು. ಮಧ್ಯಾಹ್ನದ ಬಿಸಿಲಿನಲ್ಲಿ ಅಂಗಡಿಯ ಹೊರಗೆ ನಿಂತು ನೋಡಿಯೇ ಕೊಳ್ಳಿರಿ.

2. ನೀರು ನಿರೋಧಕತೆ. ಐಪಿ 67 ಎಂದರೆ ಧೂಳು ಒಳಹೋಗದು, ಒಂದು ಮೀಟರ್ ನೀರಿನಲ್ಲಿ 30 ನಿಮಿಷ ಮುಳುಗಿದರೂ ಕೆಡದು ಎಂದರ್ಥ. ಅಗ್ಗದ ಫೋನುಗಳಲ್ಲಿ ಇದು ವಿರಳ. ಆಗ ಝಿಪ್ ಇರುವ ಜಲನಿರೋಧಕ ಚೀಲ ಬಳಸಬೇಕು. ಆದರೆ ಮುಚ್ಚಿದ ಚೀಲದಲ್ಲಿ ಚಾರ್ಜ್ ಮಾಡಿದರೆ ಬೇಸಿಗೆಯಲ್ಲಿ ಫೋನು ಕಾದು ತಾನೇ ಆರಿಹೋಗಬಹುದು.

3. ಕಂಪನ. ದೊಡ್ಡ ಎಂಜಿನ್‌ಗಳ ಕಂಪನದಿಂದ ಐಫೋನಿನ ಕ್ಯಾಮೆರಾ ಹಾಳಾಗಬಹುದೆಂದು ಆಪಲ್ ಕಂಪನಿಯೇ 2021ರಲ್ಲಿ ಎಚ್ಚರಿಸಿತ್ತು. ಹಳೆಯ ಫೋನೊಂದನ್ನು ಬೈಕಿಗೆಂದೇ ಮೀಸಲಿಡುವುದು ಜಾಣತನ.

4. ಹಳೆಯ ಫೋನಿನ ಹಿನ್ನೆಲೆ. ಬಳಸಿದ ಫೋನು ಕೊಳ್ಳುವುದಾದರೆ *#06# ಒತ್ತಿ 15 ಅಂಕಿಗಳ ಐಎಂಇಐ ಸಂಖ್ಯೆ ಪಡೆದು, ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಪೋರ್ಟಲಿನಲ್ಲಿ ಪರೀಕ್ಷಿಸಿರಿ. ಕಳವಿನ ಫೋನಾಗಿದ್ದರೆ ಹಣವೂ ಹೋಗುತ್ತದೆ, ಠಾಣೆಗೆ ಅಲೆಯುವುದೂ ತಪ್ಪದು.

ಟ್ರ್ಯಾಕರ್ ಕೊಳ್ಳುವವರಿಗೆ

ಮೊದಲಿಗೆ ಒಂದು ತಪ್ಪು ಕಲ್ಪನೆಯನ್ನು ನಿವಾರಿಸಬೇಕು. ಎಐಎಸ್ 140 ಮಾನದಂಡದ ಸಾಧನ ಕಡ್ಡಾಯವೆಂದು ಹೇಳಿ ಬೈಕಿಗೂ ದುಬಾರಿ ಸಾಧನ ಮಾರುವವರು ಇದ್ದಾರೆ. ಕೇಂದ್ರ ಮೋಟಾರು ವಾಹನ ನಿಯಮಗಳ 125 ಎಚ್ ನಿಯಮವು ಸಾರ್ವಜನಿಕ ಸೇವಾ ವಾಹನಗಳಿಗೆ ಸಂಬಂಧಿಸಿದ್ದು; ದ್ವಿಚಕ್ರ ಮತ್ತು ತ್ರಿಚಕ್ರ ವಾಹನಗಳಿಗೆ ಅದರಲ್ಲಿ ವಿನಾಯಿತಿ ಇದೆ.

ಎರಡನೆಯದು ಸಿಮ್. ಅಗ್ಗದ ಟ್ರ್ಯಾಕರ್‌ಗಳಲ್ಲಿ ಅನೇಕವು 2ಜಿ ಜಾಲದ ಮೇಲೆ ಮಾತ್ರ ನಡೆಯುತ್ತವೆ. ಜಿಯೋ ಕಂಪನಿಗೆ 2ಜಿ ಜಾಲವೇ ಇಲ್ಲ. ಅದರ ಸಿಮ್ ಇಂತಹ ಸಾಧನದಲ್ಲಿ ಕೆಲಸ ಮಾಡದು. ಹೊಸದಾಗಿ ಕೊಳ್ಳುವವರು 4ಜಿ ಸಾಧನವನ್ನೇ ಕೇಳಿ ಪಡೆಯುವುದು ಒಳಿತು.

ಮೂರನೆಯದು ಬ್ಯಾಟರಿ. ಟ್ರ್ಯಾಕರ್ ಹಗಲಿರುಳೂ ವಿದ್ಯುತ್ ಎಳೆಯುತ್ತದೆ. 20 ಮಿಲಿ ಆಂಪಿಯರ್ ಎಳೆಯುವ ಸಾಧನವನ್ನು 4 ಆಂಪಿಯರ್-ಗಂಟೆಯ ಬ್ಯಾಟರಿಗೆ ಜೋಡಿಸಿದರೆ 200 ಗಂಟೆಗಳಲ್ಲಿ, ಅಂದರೆ ಸುಮಾರು ಎಂಟು ದಿನಗಳಲ್ಲಿ, ಪೂರ್ಣ ತುಂಬಿದ ಬ್ಯಾಟರಿಯೂ ಬರಿದಾಗುತ್ತದೆ. ಸೆಲ್ಫ್ ಸ್ಟಾರ್ಟ್ ಅದಕ್ಕೂ ಮೊದಲೇ ಕೈಕೊಡುತ್ತದೆ. ಆಯುಧಪೂಜೆ ಮುಗಿಸಿ ಊರಿಗೆ ಹೋಗಿ ಬಂದವರ ಬೈಕು ಸ್ಟಾರ್ಟ್ ಆಗದಿದ್ದರೆ ಕಾರಣ ಇದಾಗಿರಬಹುದು. ವಾಹನ ನಿಂತಾಗ ನಿದ್ರಾವಸ್ಥೆಗೆ ಹೋಗುವ ಸೌಲಭ್ಯವಿದೆಯೇ, ಆಗ ಎಷ್ಟು ವಿದ್ಯುತ್ ಎಳೆಯುತ್ತದೆ ಎಂದು ಕೇಳಿರಿ. ಫೋನ್ ಚಾರ್ಜರನ್ನಾದರೋ ಇಗ್ನಿಷನ್ ಕೀಲಿ ತಿರುಗಿಸಿದಾಗ ಮಾತ್ರ ವಿದ್ಯುತ್ ಬರುವ ತಂತಿಗೆ, ಫ್ಯೂಸ್ ಸಹಿತ ಜೋಡಿಸಬೇಕು. ಹೊಸ ಬೈಕಾಗಿದ್ದರೆ ತಂತಿ ಕತ್ತರಿಸುವ ಮುನ್ನ ವಾರಂಟಿಯ ಷರತ್ತನ್ನು ಡೀಲರಲ್ಲಿ ವಿಚಾರಿಸುವುದು ಕ್ಷೇಮ.

ಅಗ್ಗದ ಲೆಕ್ಕ

ಸಾಧನದ ಬೆಲೆಯೊಂದನ್ನೇ ನೋಡಿ ಅಗ್ಗವೆನ್ನುವುದು ಸರಿಯಲ್ಲ. ಉದಾಹರಣೆಗೆ, ಮೊದಲನೆಯ ಸಾಧನದ ಬೆಲೆ 2,000 ರೂಪಾಯಿ, ಸರ್ವರ್ ಮತ್ತು ಸಿಮ್ ಶುಲ್ಕ ಮೊದಲ ವರ್ಷದಿಂದಲೇ ವರ್ಷಕ್ಕೆ 1,500 ರೂಪಾಯಿ ಎಂದಿಟ್ಟುಕೊಳ್ಳೋಣ. ಮೂರು ವರ್ಷಕ್ಕೆ ಆಗುವ ಒಟ್ಟು ವೆಚ್ಚ 6,500 ರೂಪಾಯಿ. ಎರಡನೆಯದರ ಬೆಲೆ 3,200 ರೂಪಾಯಿ. ಮೊದಲ ವರ್ಷದ ಶುಲ್ಕ ಅದರಲ್ಲಿಯೇ ಸೇರಿದ್ದು, ನಂತರ ವರ್ಷಕ್ಕೆ 900 ರೂಪಾಯಿ ಆದರೆ ಒಟ್ಟು 5,000 ರೂಪಾಯಿ. ಐದು ಬೈಕುಗಳಿರುವ ಘಟಕಕ್ಕೆ ವ್ಯತ್ಯಾಸ 7,500 ರೂಪಾಯಿ. ಕಡಿಮೆ ಬೆಲೆಯದೇ ಇಲ್ಲಿ ದುಬಾರಿಯಾಯಿತು.

ಸರ್ವರ್ ನಡೆಸುವ ಕಂಪನಿ ಬಾಗಿಲು ಮುಚ್ಚಿದರೆ ಟ್ರ್ಯಾಕರ್ ಬರಿಯ ಡಬ್ಬಿಯಾಗುತ್ತದೆ. ಬೇರೆ ಕಂಪನಿಯ ಸರ್ವರಿಗೆ ಬದಲಾಯಿಸಲು ಸಾಧ್ಯವೇ ಎಂದು ಮೊದಲೇ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಐದು ಬೇಕಿದ್ದರೂ ಮೊದಲು ಒಂದನ್ನೇ ಕೊಂಡು ಒಂದು ತಿಂಗಳು ನಡೆಸಿ ನೋಡಿರಿ. ಉದ್ದಿಮೆಯ ಹೆಸರು ಮತ್ತು ಜಿಎಸ್‌ಟಿ ಸಂಖ್ಯೆಯಿರುವ ಬಿಲ್ ಪಡೆದರೆ ನಿಯಮಾನುಸಾರ ಹೂಡುವಳಿ ತೆರಿಗೆಯ ಜಮೆ ದೊರೆಯಬಹುದು. ಕಾಂಪೊಸಿಷನ್ ಯೋಜನೆಯಲ್ಲಿರುವವರಿಗೆ ಈ ಸೌಲಭ್ಯವಿಲ್ಲ.

ಕಾನೂನು ಮತ್ತು ಕೆಲಸಗಾರರ ವಿಶ್ವಾಸ

ವಾಹನ ಚಲಾಯಿಸುವಾಗ ಕೈಯಲ್ಲಿ ಹಿಡಿಯುವ ಸಂಪರ್ಕ ಸಾಧನವನ್ನು ದಾರಿ ತಿಳಿಯುವುದಕ್ಕೆ ಮಾತ್ರ, ಅದೂ ಏಕಾಗ್ರತೆಗೆ ಭಂಗ ಬಾರದಂತೆ ಬಳಸಬಹುದೆಂದು 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿ ನಿಯಮ ಹೇಳುತ್ತದೆ. ಆದ್ದರಿಂದ ಫೋನು ಕೈಯಲ್ಲಿ ಅಥವಾ ಹೆಲ್ಮೆಟ್ಟಿನ ಸಂದಿಯಲ್ಲಿ ಇರಕೂಡದು. ಹ್ಯಾಂಡಲ್ ಮೇಲಿನ ಮೌಂಟಿನಲ್ಲಿರಬೇಕು. ಹೊರಡುವ ಮುನ್ನವೇ ಗಮ್ಯಸ್ಥಾನವನ್ನು ತುಂಬಿ, ದಾರಿ ತಪ್ಪಿದರೆ ಬದಿಯಲ್ಲಿ ನಿಲ್ಲಿಸಿ ನೋಡುವಂತೆ ಹುಡುಗರಿಗೆ ಕಟ್ಟುನಿಟ್ಟಾಗಿ ತಿಳಿಸಬೇಕು. ನಾಯಂಡಹಳ್ಳಿ ಕೂಡುರಸ್ತೆಯಲ್ಲಿ ಬಸ್ಸು ಲಾರಿಗಳ ನಡುವೆ ಪರದೆಯ ಮೇಲೆ ಎರಡು ಕ್ಷಣ ಕಣ್ಣಿಟ್ಟರೂ ಪ್ರಾಣಕ್ಕೆ ಸಂಚಕಾರ. ಹತ್ತು ನಿಮಿಷ ತಡವಾದುದಕ್ಕೆ ಗದರುವ ಮಾಲೀಕನೂ ಆ ಅಪಾಯದಲ್ಲಿ ಪಾಲುದಾರ.

ಟ್ರ್ಯಾಕರ್ ಅಳವಡಿಸುವ ವಿಷಯವನ್ನು ಕೆಲಸಗಾರನಿಂದ ಮುಚ್ಚಿಡಬಾರದು. ಬೈಕು ಅವನ ಸ್ವಂತದ್ದಾಗಿದ್ದರೆ ಒಪ್ಪಿಗೆಯಿಲ್ಲದೆ ಅಳವಡಿಸುವುದು ಸರ್ವಥಾ ತಪ್ಪು. ಸಂಸ್ಥೆಯ ಬೈಕಾದರೂ ಏನು ದಾಖಲಾಗುತ್ತದೆ, ಯಾರು ನೋಡುತ್ತಾರೆ, ಕೆಲಸದ ವೇಳೆಯ ನಂತರ ನೋಡುವುದಿಲ್ಲ ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಡುವುದು ಯೋಗ್ಯ. ಅಂಕೀಯ ವೈಯಕ್ತಿಕ ದತ್ತಾಂಶ ರಕ್ಷಣೆಗೆ 2023ರಲ್ಲಿ ಕಾಯಿದೆಯೇ ಆಗಿರುವುದನ್ನು ಉದ್ದಿಮೆದಾರರು ಮರೆಯಬಾರದು. ಕಾನೂನಿಗಿಂತ ಮಿಗಿಲಾಗಿ, ತನ್ನ ಮೇಲೆ ಬೇಹುಗಾರಿಕೆ ನಡೆದಿದೆಯೆಂದು ತಿಳಿದ ಒಳ್ಳೆಯ ಕೆಲಸಗಾರ ಉಳಿಯುವುದಿಲ್ಲ. ಅದೇ ದಾಖಲೆ, ಮಾಲು ತಲುಪಿಲ್ಲವೆಂದು ಗಿರಾಕಿ ತಕರಾರು ತೆಗೆದಾಗ ಕೆಲಸಗಾರನ ಪರ ಸಾಕ್ಷಿಯೂ ಆಗಬಲ್ಲದು ಎಂಬುದನ್ನು ವಿವರಿಸಿದರೆ ವಿರೋಧ ತಾನಾಗಿ ಕಡಿಮೆಯಾಗುತ್ತದೆ.

ಕೊನೆಯ ಮಾತು

ಒಂದೆರಡು ಬೈಕುಗಳಿರುವ ವರ್ತಕನಿಗೆ ಫೋನು, ಮೌಂಟ್, ಚಾರ್ಜರ್ ಸಾಕು. ಬೆಲೆಬಾಳುವ ಮಾಲು ಸಾಗಿಸುವವರು ಅಥವಾ ವಾಹನ ಕಳವಿನ ಭಯವಿರುವವರು 4ಜಿ ಟ್ರ್ಯಾಕರನ್ನು ಸೇರಿಸಿಕೊಳ್ಳಬಹುದು. ಪ್ರತ್ಯೇಕ ನ್ಯಾವಿಗೇಟರ್ ನಗರದ ವ್ಯಾಪಾರಕ್ಕೆ ಬೇಕಿಲ್ಲ. ಇವೆಲ್ಲಕ್ಕೂ ಮೊದಲು ಖರ್ಚಿಲ್ಲದ ಒಂದು ಕೆಲಸವಿದೆ: ಪ್ರತಿ ಗಿರಾಕಿಯ ಬಾಗಿಲಿಗೆ ಹೋದಾಗ ಆ ಸ್ಥಾನವನ್ನು ನಕಾಶೆಯಲ್ಲಿ ಗುರುತಿಸಿ, ಅಂಗಡಿಯ ಖಾತೆಯಲ್ಲಿ ವಿಳಾಸದ ಪಕ್ಕದಲ್ಲಿ ಉಳಿಸಿಕೊಳ್ಳುವುದು. ಮೇನು, ಕ್ರಾಸು, ಹಳೆಯ ನಂಬರು, ಹೊಸ ನಂಬರುಗಳ ಗೋಜಲಿರುವ ನಮ್ಮ ಬಡಾವಣೆಗಳಲ್ಲಿ, ಹಳೆಯ ಹುಡುಗ ಕೆಲಸ ಬಿಟ್ಟುಹೋದ ಮರುದಿನವೂ ಹೊಸಬನೊಬ್ಬ ಮಾಲನ್ನು ಸರಿಯಾದ ಬಾಗಿಲಿಗೆ ತಲುಪಿಸಲು ಆ ಪಟ್ಟಿಯೇ ನೆರವಾಗುತ್ತದೆ.