ಆಂತರಿಕ ಅಂಕ: ಪ್ರೌಢಶಾಲಾ ಶಿಕ್ಷಕರ ವೃತ್ತಿನೀತಿಯ ಒಂದು ಪ್ರಶ್ನೆ

2024ರಲ್ಲಿ ಎಸ್.ಎಸ್.ಎಲ್.ಸಿ. ಪರೀಕ್ಷಾ ಕೇಂದ್ರಗಳಿಗೆ ವೆಬ್‌ಕಾಸ್ಟಿಂಗ್ ವ್ಯವಸ್ಥೆಯನ್ನು ಅಳವಡಿಸಲಾಯಿತು. ಹಿಂದಿನ ವರ್ಷ ಶೇ. 83.89ರಷ್ಟಿದ್ದ ರಾಜ್ಯದ ಫಲಿತಾಂಶವು, ಕೃಪಾಂಕವನ್ನು ಹೆಚ್ಚಿಸಿದ ಮೇಲೂ, ಶೇ. 73.40ಕ್ಕೆ ಇಳಿಯಿತು. ಕೊಠಡಿಯ ಮೇಲ್ವಿಚಾರಣೆಯು ಈಗ ಬಿಗಿಯಾಗಿದೆ. ಆದರೆ ಯಾವ ಕ್ಯಾಮೆರಾಕ್ಕೂ ಸಿಗದ ಇನ್ನೊಂದು ಸ್ಥಳವಿದೆ. ಅದು ಶಿಕ್ಷಕರ ಆಂತರಿಕ ಅಂಕಗಳ ವಹಿ.

ಒಟ್ಟು 625 ಅಂಕಗಳಲ್ಲಿ 125 ಅಂಕಗಳು ಶಾಲೆಯಲ್ಲಿಯೇ ನಿರ್ಧಾರವಾಗುತ್ತವೆ. ಪ್ರಥಮ ಭಾಷೆಗೆ 25, ಉಳಿದ ಐದು ವಿಷಯಗಳಿಗೆ ತಲಾ 20. ವರ್ಷದುದ್ದಕ್ಕೂ ನಡೆಯುವ ರೂಪಣಾತ್ಮಕ ಮೌಲ್ಯಮಾಪನದ ಚಟುವಟಿಕೆ ಹಾಗೂ ಕಿರುಪರೀಕ್ಷೆಗಳು ಇದಕ್ಕೆ ಆಧಾರ. 2025-26ನೇ ಸಾಲಿನಿಂದ ಉತ್ತೀರ್ಣತೆಗೆ ಒಟ್ಟು 206 ಅಂಕಗಳು ಬೇಕಾಗಿದ್ದು, ಪ್ರತಿ ವಿಷಯದಲ್ಲಿ ಆಂತರಿಕ ಮತ್ತು ಲಿಖಿತ ಅಂಕಗಳನ್ನು ಕೂಡಿಸಿ ಕನಿಷ್ಠ ಶೇ. 30ರಷ್ಟನ್ನು ಪಡೆಯಬೇಕಾಗಿದೆ. ಆಂತರಿಕದಲ್ಲಿ ಪೂರ್ಣ 20 ಪಡೆದ ವಿದ್ಯಾರ್ಥಿಗೆ ಗಣಿತದ ಲಿಖಿತ ಪರೀಕ್ಷೆಯ 80ರಲ್ಲಿ 10 ಬಂದರೆ ಆ ವಿಷಯದ ಕನಿಷ್ಠ ಮಿತಿ ದಾಟಿದಂತಾಯಿತು. ಶಿಕ್ಷಕರ ಲೇಖನಿಗೆ ಹಿಂದೆಂದಿಗಿಂತ ಹೆಚ್ಚಿನ ತೂಕ ಬಂದಿದೆ.

ಎಲ್ಲರಿಗೂ ಇಪ್ಪತ್ತು ಬರೆದುಬಿಡುವುದು ದಯೆಯೆಂದೇ ತೋರುತ್ತದೆ. ಅರಕಲಗೂಡು ತಾಲ್ಲೂಕಿನ ತಂಬಾಕು ಬೆಳೆಯುವ ಮನೆಯೊಂದನ್ನು ಊಹಿಸಿಕೊಳ್ಳಬಹುದು. ಸೊಪ್ಪು ಬಿಡಿಸಿ ಬ್ಯಾರನ್‌ಗೆ ಏರಿಸುವ ವಾರಗಳಲ್ಲಿ ಬಾಲಕಿ ಶಾಲೆಗೆ ಬಂದಿಲ್ಲ, ಬೀಜಗಣಿತದ ಚಟುವಟಿಕೆಯನ್ನು ಮಾಡಿಲ್ಲ. ವಹಿಯಲ್ಲಿ ಪೂರ್ಣ ಅಂಕ ಕಂಡ ಮುಖ್ಯೋಪಾಧ್ಯಾಯರಿಗೂ ಪೋಷಕರಿಗೂ ಆಕೆಗೆ ನೆರವು ಬೇಕೆಂಬುದೇ ತಿಳಿಯುವುದಿಲ್ಲ. ಮುಂದೆ ಹಾಸನದ ಪದವಿಪೂರ್ವ ಕಾಲೇಜಿನ ಮೊದಲ ತಿಂಗಳಲ್ಲಿ ಅದು ಬಯಲಾದಾಗ ಶಿಕ್ಷಕರು ಜೊತೆಯಲ್ಲಿರುವುದಿಲ್ಲ. ಬದಲಿಗೆ, ತಪ್ಪಿದ ಚಟುವಟಿಕೆಯನ್ನು ಬೇರೊಂದು ದಿನ ಮಾಡಿಸಿ, ಬಂದಷ್ಟೇ ಅಂಕ ನೀಡುವುದು ಶ್ರಮದ ಕೆಲಸ. ವೃತ್ತಿನೀತಿ ಎನ್ನುವುದು ಆ ಶ್ರಮದಲ್ಲಿಯೇ ಇದೆ.

ಇದರ ವಿರುದ್ಧ ದಿಕ್ಕಿನ ದೋಷವೂ ಉಂಟು: ಅಂಕವನ್ನು ಬೆದರಿಕೆಯಾಗಿ ಅಥವಾ ಮನೆಪಾಠಕ್ಕೆ ಸೆಳೆಯುವ ಉಪಾಯವಾಗಿ ಬಳಸುವುದು. 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಕಲಮು ಶಿಕ್ಷಕರ ಖಾಸಗಿ ಪಾಠವನ್ನು ನಿಷೇಧಿಸಿದೆ. ಪ್ರೌಢಶಾಲೆಯ ಎಂಟನೇ ತರಗತಿಯೂ ಈ ಕಾಯ್ದೆಯ ವ್ಯಾಪ್ತಿಯಲ್ಲಿದೆ.

ಹಾಗೆಂದು ಶಿಕ್ಷಕರನ್ನಷ್ಟೇ ದೂಷಿಸುವುದು ನ್ಯಾಯವಲ್ಲ. 2019ರಲ್ಲಿ ಹಾಸನವು ರಾಜ್ಯಕ್ಕೆ ಪ್ರಥಮ ಸ್ಥಾನ ಪಡೆದಂದಿನಿಂದ ಜಿಲ್ಲೆಗೆ ಆ ಸ್ಥಾನದ ನೆನಪು ಬಿಟ್ಟಿಲ್ಲ. ಪರಿಶೀಲನಾ ಸಭೆಯಲ್ಲಿ ಶೇಕಡಾವಾರನ್ನು ಮಾತ್ರ ಕೇಳಿದರೆ, ಶಾಲೆಯಿಂದ ಶೇಕಡಾವಾರು ಮಾತ್ರವೇ ಬರುತ್ತದೆ.

ಹೊಳೆನರಸೀಪುರವಾಗಲಿ, ಚನ್ನರಾಯಪಟ್ಟಣವಾಗಲಿ, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸದಸ್ಯರು ಕೇಳಬೇಕಾದುದು ಅಂಕಪಟ್ಟಿಯನ್ನಲ್ಲ, ಆ ಅಂಕಕ್ಕೆ ಆಧಾರವಾದ ಚಟುವಟಿಕೆ ಪುಸ್ತಕ ಮತ್ತು ಕಿರುಪರೀಕ್ಷೆಯ ಉತ್ತರಪತ್ರಿಕೆಗಳನ್ನು. ಪ್ರತಿ ಮೌಲ್ಯಮಾಪನದ ನಂತರ ಕೆಲವು ಪುಸ್ತಕಗಳನ್ನು ತೆರೆದು ನೋಡಿದರೂ ಸಾಕು. ಹಿಂದುಳಿದವರ ಸಂಜೆಯ ಓದಿಗೆ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರವನ್ನು ಒದಗಿಸಿಕೊಡುವ ಬಗ್ಗೆ ಮುಖ್ಯೋಪಾಧ್ಯಾಯರು ಪಂಚಾಯಿತಿಗೆ ಪತ್ರ ಬರೆಯಬಹುದು.