ಅಮೂರ್ತ ಬಂಡವಾಳ ಮತ್ತು ರಾಷ್ಟ್ರೀಯ ಉತ್ಪಾದಕತೆ: ಜಾನಪದ ಅಧ್ಯಯನದ ನೆಲೆಯಿಂದ ಒಂದು ವಿವೇಚನೆ

1. ಪೀಠಿಕೆ

‘ಅಮೂರ್ತ’ ಎಂಬ ಪದವನ್ನು ಇಂದು ಎರಡು ಶಾಸ್ತ್ರಗಳು ಏಕಕಾಲದಲ್ಲಿ ಬಳಸುತ್ತಿವೆ. 2003ರಲ್ಲಿ ಯುನೆಸ್ಕೋ ಅಂಗೀಕರಿಸಿದ ಹಾಗೂ 2005ರಲ್ಲಿ ಭಾರತ ಅನುಮೋದಿಸಿದ ಒಡಂಬಡಿಕೆಯ ತರುವಾಯ ‘ಅಮೂರ್ತ ಸಾಂಸ್ಕೃತಿಕ ಪರಂಪರೆ’ ಎಂಬುದು ಜಾನಪದ ವಿದ್ವಾಂಸರ ನಿತ್ಯದ ಮಾತಾಯಿತು. ಹೆಚ್ಚು ಕಡಿಮೆ ಅದೇ ವರ್ಷಗಳಲ್ಲಿ ಅರ್ಥಶಾಸ್ತ್ರಜ್ಞರು ‘ಅಮೂರ್ತ ಆಸ್ತಿ’ಯನ್ನು ಅಳೆಯುವ ಕಾರ್ಯಕ್ಕೆ ತೊಡಗಿದ್ದರು. ಈ ಎರಡೂ ಚಿಂತನೆಗಳು ಪರಸ್ಪರ ಸಂಧಿಸಿದ್ದು ವಿರಳ. ಒಂದು ವರ್ಗವು ಕೈಗಳಲ್ಲಿ ಉಳಿದ ಅರಿವನ್ನು ಪರಂಪರೆಯೆಂದು ದಾಖಲಿಸಿತು. ಇನ್ನೊಂದು ವರ್ಗವು ಸಂಸ್ಥೆಗಳಲ್ಲಿ ಶೇಖರಗೊಂಡ ಅರಿವನ್ನು ಬಂಡವಾಳವೆಂದು ಲೆಕ್ಕ ಹಾಕಿತು. ಉದ್ದಿಮೆಗಳು ಅಮೂರ್ತ ಆಸ್ತಿಯಲ್ಲಿ ಮಾಡುವ ಹೂಡಿಕೆಯು ರಾಷ್ಟ್ರದ ಉತ್ಪಾದಕತೆಯನ್ನು ಯಾವ ಬಗೆಯಲ್ಲಿ ಪ್ರಭಾವಿಸುತ್ತದೆ ಎಂಬುದನ್ನು ವಿವರಿಸಿ, ಆ ಲೆಕ್ಕದಿಂದ ಹೊರಗುಳಿದವರು ಯಾರು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

2. ಪರಿಕಲ್ಪನೆಯ ಸ್ವರೂಪ

‘ಶಕ್ತಿಗಿಂತ ಯುಕ್ತಿ ಮೇಲು’ ಎಂಬ ಗಾದೆಯನ್ನು ನಮ್ಮ ಜನಪದರು ಬಹು ಹಿಂದೆಯೇ ಹೇಳಿದ್ದಾರೆ. ಅರ್ಥಶಾಸ್ತ್ರವು ಈ ಯುಕ್ತಿಗೆ ಬೆಲೆ ಕಟ್ಟಲು ಸಾಕಷ್ಟು ಕಾಲ ತೆಗೆದುಕೊಂಡಿತು. ರಾಬರ್ಟ್ ಸೊಲೊ 1957ರ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ, 1909ರಿಂದ 1949ರವರೆಗೆ ಅಮೆರಿಕೆಯಲ್ಲಿ ಒಂದು ಗಂಟೆಯ ದುಡಿಮೆಯ ಉತ್ಪನ್ನ ಹೆಚ್ಚಿದ್ದರಲ್ಲಿ ಬಹುಪಾಲು ಯಂತ್ರ, ಕಟ್ಟಡಗಳ ಹೆಚ್ಚಳದಿಂದ ಬಂದುದಲ್ಲ, ತಾಂತ್ರಿಕ ಬದಲಾವಣೆಯಿಂದ ಬಂದುದು ಎಂದು ತೋರಿಸಿದರು. ಇಲ್ಲಿ ತಾಂತ್ರಿಕ ಬದಲಾವಣೆಯೆಂದರೆ ಲೆಕ್ಕದಲ್ಲಿ ಬೇರಾವುದಕ್ಕೂ ಸೇರದೆ ಉಳಿದ ಶೇಷ. ಆ ಶೇಷದ ಒಳಗೆ ಏನಿದೆ ಎಂಬುದು ಮುಂದಿನ ಅರ್ಧ ಶತಮಾನದ ಪ್ರಶ್ನೆಯಾಯಿತು.

ಇದಕ್ಕೆ ವ್ಯವಸ್ಥಿತವಾದ ಉತ್ತರವನ್ನು ಕ್ಯಾರಲ್ ಕೊರಾಡೊ, ಚಾರ್ಲ್ಸ್ ಹಲ್ಟನ್ ಮತ್ತು ಡೇನಿಯಲ್ ಸಿಚೆಲ್ ಅವರು 2005 ಮತ್ತು 2009ರ ಅಧ್ಯಯನಗಳಲ್ಲಿ ನೀಡಿದರು. ಅವರು ಅಮೂರ್ತ ಆಸ್ತಿಯನ್ನು ಮೂರು ವರ್ಗಗಳಾಗಿ ವಿಂಗಡಿಸುತ್ತಾರೆ. ಮೊದಲನೆಯದು ಗಣಕೀಕೃತ ಮಾಹಿತಿ. ಅಂದರೆ ತಂತ್ರಾಂಶ ಮತ್ತು ದತ್ತಸಂಚಯ. ಎರಡನೆಯದು ನವೀನತೆಯ ಸ್ವತ್ತು. ಸಂಶೋಧನೆ, ವಿನ್ಯಾಸ, ಕಲಾತ್ಮಕ ಮೂಲಕೃತಿಗಳು ಇದರಲ್ಲಿ ಸೇರುತ್ತವೆ. ಮೂರನೆಯದು ಆರ್ಥಿಕ ಸಾಮರ್ಥ್ಯ. ಬ್ರಾಂಡ್‌ನ ಹೆಸರು, ನೌಕರರಿಗೆ ನೀಡಿದ ತರಬೇತಿ ಮತ್ತು ಸಂಸ್ಥೆಯ ಕಾರ್ಯಸಂಘಟನೆ ಇದರ ಅಂಗಗಳು.

ಇವೆಲ್ಲವನ್ನೂ ಬಂಡವಾಳವೆಂದು ಕರೆಯುವುದಕ್ಕೆ ಇರುವ ಆಧಾರ ಸರಳವಾದುದು. ಇಂದು ಅನುಭೋಗಿಸಬಹುದಾದುದನ್ನು ಬಿಟ್ಟುಕೊಟ್ಟು ನಾಳಿನ ಉತ್ಪನ್ನವನ್ನು ಹೆಚ್ಚಿಸುವ ವೆಚ್ಚವೆಲ್ಲ ಹೂಡಿಕೆಯೇ. ಬಿತ್ತನೆಗೆಂದು ಎತ್ತಿಟ್ಟ ಕಾಳಿಗೂ ಶಿಷ್ಯನಿಗೆ ಕಲಿಸುವುದರಲ್ಲಿ ಕಳೆದ ದಿನಕ್ಕೂ ಈ ದೃಷ್ಟಿಯಿಂದ ಭೇದವಿಲ್ಲ.

3. ಲೆಕ್ಕಪದ್ಧತಿಯಲ್ಲಿ ಆಗುವ ವ್ಯತ್ಯಾಸ

ಒಂದು ಕಾರ್ಖಾನೆಯು ಒಂದು ಕೋಟಿ ರೂಪಾಯಿಯ ಯಂತ್ರವನ್ನು ಕೊಂಡಿತೆಂದು ಭಾವಿಸೋಣ. ರಾಷ್ಟ್ರೀಯ ಲೆಕ್ಕದಲ್ಲಿ ಅದು ಬಂಡವಾಳ ರಚನೆ. ಅದೇ ಕಾರ್ಖಾನೆ ಅಷ್ಟೇ ಹಣವನ್ನು ನೌಕರರ ತರಬೇತಿಗೆ ವ್ಯಯಿಸಿದರೆ ಅದು ಕೇವಲ ಖರ್ಚು. ಮೌಲ್ಯವರ್ಧನೆಯಿಂದ ಕಳೆಯಲ್ಪಡುವ ಬಾಬತ್ತು. ಇದರಿಂದ ಎರಡು ದೋಷಗಳು ಉಂಟಾಗುತ್ತವೆ. ತರಬೇತಿಯೆಂಬ ಉತ್ಪನ್ನವು ರಾಷ್ಟ್ರೀಯ ಉತ್ಪನ್ನದಲ್ಲಿ ಕಾಣುವುದಿಲ್ಲ. ಅದರ ಫಲವಾಗಿ ಮುಂದೆ ಹೆಚ್ಚಿದ ಉತ್ಪನ್ನಕ್ಕೆ ಕಾರಣ ತಿಳಿಯದೆ ಅದು ‘ಶೇಷ’ಕ್ಕೆ ಸೇರಿಹೋಗುತ್ತದೆ.

ಈ ದೋಷವನ್ನು ಸರಿಪಡಿಸಿದಾಗ ದೊರೆತ ಚಿತ್ರ ಗಮನಾರ್ಹವಾದುದು. 1990ರ ದಶಕದ ಅಂತ್ಯದ ವೇಳೆಗೆ ಅಮೆರಿಕೆಯ ಉದ್ದಿಮೆಗಳು ವರ್ಷಕ್ಕೆ ಸುಮಾರು ಒಂದು ಟ್ರಿಲಿಯನ್ ಡಾಲರ್‌ಗಳನ್ನು ಅಮೂರ್ತ ಆಸ್ತಿಗಳಲ್ಲಿ ಹೂಡುತ್ತಿದ್ದವು. ಇದು ಯಂತ್ರ, ಕಟ್ಟಡಗಳ ಮೇಲಿನ ಹೂಡಿಕೆಗೆ ಸರಿಸಮವಾದ ಮೊತ್ತ. 1995ರಿಂದ 2003ರ ಅವಧಿಯಲ್ಲಿ ಶ್ರಮದ ಉತ್ಪಾದಕತೆಯಲ್ಲಿ ಆದ ಬೆಳವಣಿಗೆಯ ನಾಲ್ಕನೆಯ ಒಂದು ಭಾಗಕ್ಕೂ ಹೆಚ್ಚಿನದು ಅಮೂರ್ತ ಬಂಡವಾಳದ ಕೊಡುಗೆ ಎಂದು ಈ ಮೂವರು ವಿದ್ವಾಂಸರು ಕಂಡುಕೊಂಡರು. ಅದರೊಂದಿಗೆ ವಿವರಣೆಗೆ ಸಿಗದ ಶೇಷದ ಪಾಲು ಕುಗ್ಗಿತು.

ರಾಷ್ಟ್ರೀಯ ಲೆಕ್ಕಗಳ ಅಂತರರಾಷ್ಟ್ರೀಯ ಪದ್ಧತಿಯೂ ಹಂತಹಂತವಾಗಿ ಬದಲಾಗಿದೆ. 1993ರ ಪದ್ಧತಿ ತಂತ್ರಾಂಶ ಮತ್ತು ಕಲಾತ್ಮಕ ಮೂಲಕೃತಿಗಳನ್ನು ಸ್ಥಿರ ಆಸ್ತಿಯೆಂದು ಒಪ್ಪಿತು. 2008ರ ಪದ್ಧತಿ ಸಂಶೋಧನೆಯನ್ನು, 2025ರ ಪದ್ಧತಿ ದತ್ತಾಂಶವನ್ನು ಸೇರಿಸಿದವು. ಭಾರತವು 2015ರ ಜನವರಿಯಲ್ಲಿ ಪ್ರಕಟಿಸಿದ, 2011-12ನ್ನು ಆಧಾರ ವರ್ಷವಾಗಿಸಿದ ಶ್ರೇಣಿಯಲ್ಲಿ ಸಂಶೋಧನಾ ವೆಚ್ಚವನ್ನು ಬಂಡವಾಳ ರಚನೆಯಡಿ ತಂದಿತು. ತರಬೇತಿ, ಕಾರ್ಯಸಂಘಟನೆ, ಬ್ರಾಂಡ್ ಇವುಗಳ ಮೇಲಿನ ಹೂಡಿಕೆ ಮಾತ್ರ ಈ ಚೌಕಟ್ಟಿನ ಹೊರಗೇ ಉಳಿದಿದೆ.

4. ಉತ್ಪಾದಕತೆಯ ಮೇಲಿನ ಪ್ರಭಾವದ ಬಗೆಗಳು

ಜೊನಾಥನ್ ಹ್ಯಾಸ್ಕೆಲ್ ಮತ್ತು ಸ್ಟಿಯನ್ ವೆಸ್ಟ್‌ಲೇಕ್ ಅವರು 2017ರ ತಮ್ಮ ಗ್ರಂಥದಲ್ಲಿ ಅಮೂರ್ತ ಆಸ್ತಿಯ ನಾಲ್ಕು ಗುಣಗಳನ್ನು ಗುರುತಿಸಿದ್ದಾರೆ. ಇವು ನಮ್ಮ ಕಸುಬುಗಳ ಲೋಕಕ್ಕೆ ಅಪರಿಚಿತವಲ್ಲವಾದ್ದರಿಂದ ಅಲ್ಲಿನ ನಿದರ್ಶನಗಳ ಮೂಲಕವೇ ವಿವರಿಸಬಹುದು.

ಮೊದಲನೆಯದು ವಿಸ್ತರಣೀಯತೆ. ಒಂದು ಮಗ್ಗದಲ್ಲಿ ಏಕಕಾಲಕ್ಕೆ ಒಂದೇ ಸೀರೆ ನೇಯಲು ಸಾಧ್ಯ. ಒಂದು ಸೆರಗಿನ ವಿನ್ಯಾಸವಾದರೋ ಸಾವಿರ ಮಗ್ಗಗಳಲ್ಲಿ ಏಕಕಾಲಕ್ಕೆ ಮೂಡಬಲ್ಲದು. ಬಳಸಿದಷ್ಟೂ ಸವೆಯದ ಈ ಗುಣದಿಂದಾಗಿ ಅರಿವಿನ ಮೇಲಿನ ಹೂಡಿಕೆಯ ಪ್ರತಿಫಲ ಮಾರುಕಟ್ಟೆಯೊಡನೆ ಬೆಳೆಯುತ್ತದೆ.

ಎರಡನೆಯದು ಹರಡಿಕೆ. ಕಸೂತಿಯ ಗೋಪುರ, ತೇರು, ಆನೆ, ತುಳಸಿಕಟ್ಟೆಗಳ ಮಾದರಿಗಳು ಬಟ್ಟೆಯ ಎಳೆ ಎಣಿಸುತ್ತ ತಾಯಿಯಿಂದ ಮಗಳಿಗೆ, ನೆರೆಮನೆಯಿಂದ ನೆರೆಮನೆಗೆ ಸಾಗಿದಂಥವು. ಒಬ್ಬರ ಹೂಡಿಕೆಯ ಲಾಭ ಇನ್ನೊಬ್ಬರಿಗೂ ದೊರೆಯುವುದರಿಂದ ಹೂಡಿದವರ ಗಳಿಕೆಗಿಂತ ರಾಷ್ಟ್ರದ ಗಳಿಕೆ ಹೆಚ್ಚು. ಉತ್ಪಾದಕತೆಯ ದೃಷ್ಟಿಯಿಂದ ಇದೇ ಪ್ರಮುಖವಾದ ಮಾರ್ಗ. ಆದರೆ ಇದೇ ಗುಣವು ಹೂಡುವವರನ್ನು ಹಿಂಜರಿಯುವಂತೆಯೂ ಮಾಡುತ್ತದೆ. ಇಳಕಲ್ಲಿನ ನೇಕಾರರು ಮೈಯ ಹಾಸನ್ನೂ ಸೆರಗಿನ ಹಾಸನ್ನೂ ಕುಣಿಕೆಗಳಿಂದ ಬೆಸೆಯುವ ‘ಕೊಂಡಿ’ ವಿಧಾನವನ್ನು ರೂಢಿಸಿಕೊಂಡಿದ್ದಾರೆ. ಅದರ ತೋರಿಕೆಯನ್ನು ವಿದ್ಯುತ್ ಮಗ್ಗವು ಅಗ್ಗವಾಗಿ ಅನುಕರಿಸಿದಾಗ ಹೊಸ ವಿನ್ಯಾಸಕ್ಕೆ ಶ್ರಮಿಸುವ ಉತ್ಸಾಹ ಕುಗ್ಗುತ್ತದೆ. 2003ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದ ಭೌಗೋಳಿಕ ಸೂಚಕಗಳ ಕಾಯಿದೆ ಈ ಸಮಸ್ಯೆಗೆ ನೀಡಿದ ಒಂದು ಉತ್ತರ. ಆದರೆ ಅದು ಹೆಸರನ್ನು ಕಾಯುತ್ತದೆಯೇ ಹೊರತು ಕೌಶಲವನ್ನು ಮುಂದಿನ ತಲೆಮಾರಿಗೆ ದಾಟಿಸುವುದಿಲ್ಲ.

ಮೂರನೆಯದು ಮರಳಿ ಪಡೆಯಲಾಗದಿರುವಿಕೆ. ಚನ್ನಪಟ್ಟಣದಲ್ಲಿ ಕ್ಷೇತ್ರಕಾರ್ಯದ ಸಂದರ್ಭದಲ್ಲಿ ಅರಗಿನ ಬಣ್ಣದ ಆಟಿಕೆಗಳನ್ನು ಕಡೆಯುವ ಹಿರಿಯರೊಬ್ಬರು ಈ ಗುಣವನ್ನು ನನಗೆ ಒಂದೇ ಮಾತಿನಲ್ಲಿ ತಿಳಿಸಿದರು: “ಲೇತು ಮಾರಿದ್ರೆ ದುಡ್ಡು ಬರುತ್ತೆ ಸಾರ್, ಕೈ ಮಾರೋಕಾಗುತ್ತಾ?” ಯಂತ್ರವನ್ನು ಒತ್ತೆಯಿಟ್ಟು ಸಾಲ ಪಡೆಯಬಹುದು, ಶಿಷ್ಯನಿಗೆ ಕಲಿಸಿದ ಮೂರು ವರ್ಷಗಳನ್ನು ಒತ್ತೆಯಿಡಲಾಗದು. ಅಮೂರ್ತ ಆಸ್ತಿಯನ್ನೇ ನೆಚ್ಚಿದ ಉದ್ದಿಮೆಗಳಿಗೆ ಬ್ಯಾಂಕಿನ ಸಾಲ ದೊರೆಯುವುದು ಎಲ್ಲೆಡೆ ಕಷ್ಟವಾಗಿರುವುದಕ್ಕೆ ಇದೇ ಕಾರಣ.

ನಾಲ್ಕನೆಯದು ಪರಸ್ಪರ ಪೂರಕತೆ. ಹಾಲೆಮರದ ಹದ, ಅರಗಿನ ಬಣ್ಣ, ಲೇತಿನ ವೇಗ, ಮಾರುಕಟ್ಟೆಗೆ ಒಪ್ಪುವ ಆಕಾರ ಇವು ಬಿಡಿಬಿಡಿಯಾಗಿ ಬೆಲೆಯುಳ್ಳವಲ್ಲ, ಕೂಡಿದಾಗಲೇ ಆಟಿಕೆ. ಗಣಕಯಂತ್ರಗಳ ವಿಷಯದಲ್ಲೂ ಸಂಗತಿ ಹೀಗೆಯೇ ಇದೆ. ಯಂತ್ರ ಕೊಂಡು ಕಾರ್ಯಸಂಘಟನೆಯನ್ನು ಬದಲಿಸದ ಸಂಸ್ಥೆಗೆ ಅದರ ಪೂರ್ಣ ಲಾಭ ದೊರೆಯುವುದಿಲ್ಲ. ಪಾಲ್ ಡೇವಿಡ್ 1990ರಲ್ಲಿ ತೋರಿಸಿದಂತೆ, 1880ರ ದಶಕದಲ್ಲೇ ವಿದ್ಯುತ್ ಕೇಂದ್ರಗಳು ಬಂದರೂ ಅಮೆರಿಕೆಯ ಕಾರ್ಖಾನೆಗಳ ಉತ್ಪಾದಕತೆ ಗಣನೀಯವಾಗಿ ಏರಿದ್ದು 1920ರ ದಶಕದಲ್ಲಿ. ಕಟ್ಟಡದ ವಿನ್ಯಾಸ, ಕೆಲಸದ ಕ್ರಮ, ಕೆಲಸಗಾರರ ಅರಿವು ಹೊಸ ಶಕ್ತಿಗೆ ಹೊಂದಿಕೊಳ್ಳಲು ಅಷ್ಟು ಕಾಲ ಬೇಕಾಯಿತು. ಈ ಹೊಂದಾಣಿಕೆಯ ಅವಧಿಯಲ್ಲಿ ವೆಚ್ಚ ಮಾತ್ರ ಕಾಣುತ್ತದೆ, ಫಲ ಕಾಣುವುದಿಲ್ಲ. ಆದ್ದರಿಂದ ಲೆಕ್ಕದಲ್ಲಿ ಉತ್ಪಾದಕತೆ ಮೊದಲು ಕುಸಿದು ಅನಂತರ ಏರಿದಂತೆ ತೋರುತ್ತದೆ.

5. ಒಂದು ನಿದರ್ಶನ: ಮೈಸೂರಿನ ಗಂಧ

ಮೈಸೂರು ಸಂಸ್ಥಾನದ ಗಂಧದ ಉದ್ಯಮವು ಈ ತತ್ತ್ವಕ್ಕೆ ಉತ್ತಮ ಉದಾಹರಣೆ. ಮೊದಲನೆಯ ಮಹಾಯುದ್ಧಕ್ಕೆ ಮುನ್ನ ಇಲ್ಲಿನ ಗಂಧದ ಕೊರಡುಗಳು ಯೂರೋಪಿಗೆ ರವಾನೆಯಾಗಿ ಅಲ್ಲಿ ಎಣ್ಣೆಯಾಗುತ್ತಿದ್ದವು. ಮರ ನಮ್ಮದು, ಅರಿವು ಅವರದು. 1914ರಲ್ಲಿ ಯುದ್ಧ ಆರಂಭವಾಗಿ ರಫ್ತು ನಿಂತಾಗ ಕಾಡಿನ ಸಂಪತ್ತು ಇದ್ದೂ ಇಲ್ಲದಂತಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಡ್‌ಬರೊ ಮತ್ತು ವಾಟ್ಸನ್ ಅವರ ನೆರವಿನಿಂದ ಎಣ್ಣೆ ತೆಗೆಯುವ ವಿಧಾನವನ್ನು ಇಲ್ಲಿಯೇ ರೂಢಿಸಲಾಯಿತು. ಎಸ್.ಜಿ. ಶಾಸ್ತ್ರಿಯವರನ್ನು ಸಾಬೂನು ತಯಾರಿಕೆಯ ಅಭ್ಯಾಸಕ್ಕಾಗಿ ಇಂಗ್ಲೆಂಡಿಗೆ ಕಳುಹಿಸಲಾಯಿತು. 1918ರಲ್ಲಿ ಬೆಂಗಳೂರಿನಲ್ಲಿ ಸರ್ಕಾರಿ ಸಾಬೂನು ಕಾರ್ಖಾನೆ ಸ್ಥಾಪನೆಯಾಯಿತು. ಅದರ ಲಾಂಛನಕ್ಕೆ ಆಯ್ದುಕೊಂಡದ್ದು ಪುರಾಣಲೋಕದ ಶರಭವನ್ನು.

ಕೊರಾಡೊ ಮತ್ತು ಸಂಗಡಿಗರ ಪಟ್ಟಿಯೊಡನೆ ಹೋಲಿಸಿದರೆ ಇಲ್ಲಿ ಸಂಶೋಧನೆ, ತರಬೇತಿ, ಬ್ರಾಂಡ್ ಮೂರರ ಮೇಲೂ ಹೂಡಿಕೆಯಾಗಿರುವುದು ಸ್ಪಷ್ಟ. ಮರವಾಗಲಿ ಮಣ್ಣಾಗಲಿ ಬದಲಾಗಲಿಲ್ಲ. ಅದೇ ಕೊರಡಿನಿಂದ ನಾಡಿಗೆ ದೊರೆಯುವ ಮೌಲ್ಯ ಬದಲಾಯಿತು. ಹೂಡಿದ್ದು ಖಾಸಗಿ ಉದ್ದಿಮೆಯಲ್ಲ, ಸಂಸ್ಥಾನವೇ ಉದ್ದಿಮೆದಾರನಾಗಿತ್ತು ಎಂಬುದೂ ಇಲ್ಲಿ ಗಮನಿಸಬೇಕಾದ ಅಂಶ. ಹರಡಿಕೆಯ ಲಾಭ ಇಡೀ ನಾಡಿಗೆ ಸಲ್ಲುವಲ್ಲಿ ಆರಂಭದ ಹೂಡಿಕೆಯನ್ನು ಸಾರ್ವಜನಿಕ ಹಣ ಹೊರಬೇಕಾಗಬಹುದೆಂಬ ಮಾತಿಗೆ ಇದು ಪುಷ್ಟಿ ನೀಡುತ್ತದೆ. ಇಂದಿನ ಭಾರತಕ್ಕೂ ಈ ಮಾತು ಅನ್ವಯಿಸುತ್ತದೆ. 2020-21ರಲ್ಲಿ ದೇಶದ ಸಂಶೋಧನೆ ಮತ್ತು ಅಭಿವೃದ್ಧಿ ವೆಚ್ಚ ಒಟ್ಟು ದೇಶೀಯ ಉತ್ಪನ್ನದ ಶೇ. 0.64ರಷ್ಟಿತ್ತು, ಅದರಲ್ಲಿ ಖಾಸಗಿ ಉದ್ದಿಮೆಗಳ ಪಾಲು ಸುಮಾರು ಶೇ. 36 ಮಾತ್ರ.

6. ಮಿತಿಗಳು

ಅಮೂರ್ತ ಹೂಡಿಕೆಯೆಲ್ಲವೂ ರಾಷ್ಟ್ರದ ಉತ್ಪಾದಕತೆಯನ್ನು ಹೆಚ್ಚಿಸುತ್ತದೆಂದು ಭಾವಿಸಲಾಗದು. ಎರಡು ಕಂಪನಿಗಳು ಒಂದರ ಗಿರಾಕಿಯನ್ನು ಇನ್ನೊಂದು ಸೆಳೆಯಲು ಜಾಹೀರಾತಿಗೆ ಸುರಿಯುವ ಹಣದಿಂದ ಗೆದ್ದವರಿಗೆ ಲಾಭವಾದೀತು. ದೇಶದ ಉತ್ಪನ್ನ ಅಷ್ಟರಮಟ್ಟಿಗೆ ಬೆಳೆಯದು. ವಿಸ್ತರಣೀಯತೆಯ ಫಲವಾಗಿ ಮುಂಚೂಣಿಯ ಕೆಲವೇ ಸಂಸ್ಥೆಗಳು ಬೃಹತ್ತಾಗಿ ಬೆಳೆದು ಉಳಿದವು ಹಿಂದುಳಿಯುವ ಸಂಭವವೂ ಉಂಟು. 2008ರ ಆರ್ಥಿಕ ಬಿಕ್ಕಟ್ಟಿನ ನಂತರ ಮುಂದುವರಿದ ದೇಶಗಳಲ್ಲಿ ಉತ್ಪಾದಕತೆಯ ಬೆಳವಣಿಗೆ ಮಂದವಾದುದಕ್ಕೆ ಅಮೂರ್ತ ಹೂಡಿಕೆಯ ವೇಗ ತಗ್ಗಿದ್ದು ಮತ್ತು ಅರಿವಿನ ಹರಡಿಕೆ ಕುಂಠಿತಗೊಂಡದ್ದು ಭಾಗಶಃ ಕಾರಣವೆಂದು ಹ್ಯಾಸ್ಕೆಲ್ ಮತ್ತು ವೆಸ್ಟ್‌ಲೇಕ್ ವಾದಿಸುತ್ತಾರೆ.

ಸವಕಳಿಯ ಪ್ರಶ್ನೆಯಲ್ಲಿ ಜಾನಪದ ಅಧ್ಯಯನಕ್ಕೆ ಹೇಳಬೇಕಾದ ಮಾತೊಂದಿದೆ. ಕೊರಾಡೊ ಮತ್ತು ಸಂಗಡಿಗರು ಸಂಶೋಧನೆಗೆ ವರ್ಷಕ್ಕೆ ಶೇ. 20, ತರಬೇತಿ ಮತ್ತು ಸಂಘಟನೆಗೆ ಶೇ. 40, ಬ್ರಾಂಡ್‌ಗೆ ಶೇ. 60ರ ಸವಕಳಿಯನ್ನು ಊಹಿಸಿದ್ದಾರೆ. ಹೊಸದು ಬಂದು ಹಳೆಯದನ್ನು ನಿರುಪಯುಕ್ತಗೊಳಿಸುತ್ತದೆ ಎಂಬುದೇ ಇದರ ಹಿಂದಿನ ತರ್ಕ. ಕಸುಬಿನ ಅರಿವು ಸವೆಯುವ ಬಗೆ ಬೇರೆ. ಅದು ತಲೆಮಾರುಗಳ ಕಾಲ ಹಳತಾಗದೆ ಉಳಿಯಬಲ್ಲದು. ಆದರೆ ಬಳಸದೆ ಬಿಟ್ಟಾಗ ಜಂಗು ಹಿಡಿಯುತ್ತದೆ. ಕಲಿಯುವವರಿಲ್ಲದೆ ಬಲ್ಲವರು ತೀರಿಕೊಂಡಾಗ ಒಂದೇ ದಿನದಲ್ಲಿ ಪೂರ್ತಿಯಾಗಿ ಇಲ್ಲವಾಗುತ್ತದೆ. ಈ ನಷ್ಟವನ್ನು ಯಾವ ಲೆಕ್ಕಪುಸ್ತಕವೂ ನಮೂದಿಸುವುದಿಲ್ಲ; ಏಕೆಂದರೆ ಆ ಆಸ್ತಿಯನ್ನು ಯಾರೂ ಜಮಾ ಮಾಡಿಕೊಂಡಿರಲಿಲ್ಲ.

7. ಸಮಾರೋಪ

ಈವರೆಗಿನ ವಿವೇಚನೆಯಿಂದ ಅಮೂರ್ತ ಬಂಡವಾಳವು ಉತ್ಪಾದಕತೆಯನ್ನು ಎರಡು ದಾರಿಗಳಲ್ಲಿ ಪೋಷಿಸುತ್ತದೆಂಬುದು ಖಚಿತವಾಗುತ್ತದೆ: ದುಡಿಯುವವರ ಕೈಗೆ ಹೆಚ್ಚಿನ ಅರಿವಿನ ಬಂಡವಾಳವನ್ನು ಒದಗಿಸುವ ನೇರದಾರಿ ಒಂದು, ಆ ಅರಿವು ಸಂಸ್ಥೆಯಿಂದ ಸಂಸ್ಥೆಗೆ ಹರಡುವ ದಾರಿ ಇನ್ನೊಂದು. ಎರಡನೆಯದು ನಿಂತರೆ ಮೊದಲನೆಯದರ ಫಲ ಕೆಲವರ ಸೊತ್ತಾಗಿ ಉಳಿಯುತ್ತದೆ.

ಲೆಕ್ಕಕ್ಕೆ ಬಾರದುದು ನೀತಿಗೂ ಬಾರದು. ನೌಕರನಿಗೆ ಕೊಟ್ಟ ತರಬೇತಿಯನ್ನು ಹೂಡಿಕೆಯೆಂದು ಕಾಣಲು ಅರ್ಥಶಾಸ್ತ್ರಜ್ಞರು ಸಿದ್ಧರಾಗಿದ್ದಾರೆ. ಹಾಗಾದರೆ ಮಗಳಿಗೆ ಗವಂತಿ, ಮುರಿಗಿ ಹೊಲಿಗೆಗಳನ್ನು ಕಲಿಸುವ ತಾಯಿಯ ದಿನಗಳೂ ಅದೇ ಸೂತ್ರದಿಂದ ಹೂಡಿಕೆಯೇ ಆಗಬೇಕು. ಕುಶಲಕರ್ಮಿಗೆ ಉಪಕರಣ ಕೊಡಿಸುವಷ್ಟೇ ಕಾಳಜಿಯಿಂದ ಕಲಿಸುವ ಗುರುವಿಗೂ ಕಲಿಯುವ ಶಿಷ್ಯನಿಗೂ ಆ ಅವಧಿಯ ಜೀವನೋಪಾಯವನ್ನು ಒದಗಿಸುವುದು ಔದಾರ್ಯವಲ್ಲ, ಬಂಡವಾಳ ರಚನೆ. ಜಾನಪದ ವಿದ್ವಾಂಸರು ತಮ್ಮ ಕ್ಷೇತ್ರಕಾರ್ಯದಲ್ಲಿ ಕಸುಬಿನ ವಿವರಗಳೊಂದಿಗೆ ಅದನ್ನು ಕಲಿಯಲು ತಗಲುವ ಕಾಲ, ಕಲಿಸುವವರ ಸಂಖ್ಯೆ, ಕಲಿತವರು ಕಸುಬಿನಲ್ಲಿ ಉಳಿಯುವ ಪ್ರಮಾಣ ಇವುಗಳನ್ನೂ ದಾಖಲಿಸತೊಡಗಿದರೆ ಎರಡು ‘ಅಮೂರ್ತ’ಗಳ ನಡುವಣ ಅಂತರ ಕಡಿಮೆಯಾದೀತು. ಆ ಕೆಲಸವನ್ನು ಮಾಡಬೇಕಾದವರು ನಾವೇ.