ಮರಿ ಹಾಕಿದ ಕುದುರೆಯ ಆರೈಕೆ: ಮೊದಲ ಮೂರು ಗಂಟೆಯೇ ನಿರ್ಣಾಯಕ

ವಿಜಯಪುರ: ಆದಿಲ್‌ಶಾಹಿಗಳ ಅಶ್ವದಳ ಇತಿಹಾಸದ ಪುಟ ಸೇರಿ ಮೂರು ಶತಮಾನಗಳು ಕಳೆದಿವೆ. ಆದರೂ ಈ ನಗರ ಕುದುರೆಯನ್ನು ಪೂರ್ಣವಾಗಿ ಮರೆತಿಲ್ಲ. ಪ್ರವಾಸಿಗರನ್ನು ಗೋಳಗುಮ್ಮಟಕ್ಕೆ ಕರೆದೊಯ್ಯುವ ಟಾಂಗಾ, ಜಲನಗರದಂಥ ಬಡಾವಣೆಗಳ ಮದುವೆ ಮೆರವಣಿಗೆ, ತಿಕೋಟಾ ಮತ್ತು ಬಬಲೇಶ್ವರದ ಹೊಲಗಳಲ್ಲಿ ಹಿಂಡಿನೊಡನೆ ಬೀಡುಬಿಡುವ ಕುರಿಗಾರರ ಸಾಮಾನು ಸಾಗಾಟ, ಇವೆಲ್ಲಕ್ಕೂ ಕುದುರೆ ಬೇಕು. ನೆರೆಯ ಭೀಮಾ ತೀರದ ಭೀಮಥಡಿ ಕುದುರೆಗೆ ಇತ್ತೀಚಿನ ವರ್ಷಗಳಲ್ಲಿ ಪ್ರತ್ಯೇಕ ತಳಿಯೆಂಬ ರಾಷ್ಟ್ರೀಯ ಮಾನ್ಯತೆಯೂ ದೊರೆತಿದೆ.

ಒಂದೇ ಹೆಣ್ಣು ಕುದುರೆಯನ್ನು ನಂಬಿ ಬದುಕುವ ಮನೆಗೆ ಅದರ ಹೆರಿಗೆ ಸಂಭ್ರಮವೂ ಹೌದು, ಆತಂಕವೂ ಹೌದು. ಕುದುರೆ ಸುಮಾರು ಹನ್ನೊಂದು ತಿಂಗಳು ಗರ್ಭ ಹೊತ್ತು ಬಹುಮಟ್ಟಿಗೆ ರಾತ್ರಿಯ ವೇಳೆಯಲ್ಲೇ ಈಯುತ್ತದೆ. ಮರಿ ಹೊರಬಂದೊಡನೆ ಗಂಡಾಂತರ ಕಳೆಯಿತೆಂದು ಭಾವಿಸುವವರೇ ಹೆಚ್ಚು. ಆದರೆ ತಾಯಿಯ ಜೀವ ಹಾಗೂ ಮುಂದಿನ ಗರ್ಭಧಾರಣೆ, ಇವೆರಡೂ ತೀರ್ಮಾನವಾಗುವುದು ಅನಂತರದ ಕೆಲವು ಗಂಟೆಗಳಲ್ಲಿ ಮತ್ತು ದಿನಗಳಲ್ಲಿ.

ಹಸುವಿನ ಲೆಕ್ಕ ಕುದುರೆಗೆ ಸಲ್ಲದು

ನಮ್ಮ ಕಡೆಯ ಅನುಭವವೆಲ್ಲ ದನ, ಎಮ್ಮೆಗಳದು. ಹಸುವಿನ ಮಾಸು ಬೀಳುವುದು ತಡವಾದರೆ ಹನ್ನೆರಡು ಗಂಟೆ ಕಾಯುವುದು ರೂಢಿ. ಇದೇ ಲೆಕ್ಕವನ್ನು ಕುದುರೆಗೆ ಅನ್ವಯಿಸಿದರೆ ಅನಾಹುತವಾದೀತು. ಅಶ್ವವೈದ್ಯರು ಪಾಲಿಸುವ ಸರಳ ಸೂತ್ರವೊಂದಿದೆ: 1 ಗಂಟೆಯೊಳಗೆ ಮರಿ ಎದ್ದು ನಿಲ್ಲಬೇಕು, 2 ಗಂಟೆಯೊಳಗೆ ಮೊಲೆಯುಣ್ಣಬೇಕು, 3 ಗಂಟೆಯೊಳಗೆ ಮಾಸು ಬೀಳಬೇಕು.

ಮೂರು ಗಂಟೆ ಮೀರಿಯೂ ಮಾಸು ಉಳಿದರೆ ಅದು ತುರ್ತು ಸ್ಥಿತಿ. ಗರ್ಭಕೋಶದಲ್ಲಿ ಉಳಿದ ತುಣುಕು ಕೊಳೆಯತೊಡಗಿ ರೋಗಾಣುಗಳು ವೃದ್ಧಿಸುತ್ತವೆ. ಅವುಗಳ ವಿಷ ರಕ್ತಕ್ಕೆ ಸೇರಿ ಜ್ವರ ಬರುತ್ತದೆ. ಅದಕ್ಕಿಂತ ಘೋರವಾದುದು ಗೊರಸಿನ ಒಳಪದರದ ಉರಿಯೂತ. ಈ ಉರಿಯೂತ ವಿಕೋಪಕ್ಕೆ ಹೋದರೆ ಗೊರಸಿನೊಳಗಿನ ಮೂಳೆ ತನ್ನ ಸ್ಥಾನ ಬಿಟ್ಟು ಸರಿಯುತ್ತದೆ. ಕುದುರೆ ಶಾಶ್ವತವಾಗಿ ಕುಂಟಾಗಬಹುದು, ಸಾಯಲೂಬಹುದು.

ಜೋತಾಡುವ ಮಾಸನ್ನು ಕೈಯಿಂದ ಎಳೆಯುವುದು, ಅದಕ್ಕೆ ಕಲ್ಲು ಕಟ್ಟುವುದು ಸಲ್ಲದು. ಹಾಗೆ ಮಾಡಿದರೆ ಗರ್ಭಕೋಶ ಹರಿಯುವ ಇಲ್ಲವೇ ಹೊರಳಿ ಹೊರಬರುವ ಅಪಾಯವಿದೆ. ಕುದುರೆ ತುಳಿಯದಂತೆ ಅದನ್ನು ಮೇಲಕ್ಕೆ ಗಂಟು ಹಾಕಿ ಬಿಡಬೇಕು. ಗರ್ಭಕೋಶವನ್ನು ಸಂಕುಚಿಸುವ ಆಕ್ಸಿಟೋಸಿನ್ ಚುಚ್ಚುಮದ್ದನ್ನು ಯಾವಾಗ, ಎಷ್ಟು ಕೊಡಬೇಕೆಂಬುದು ಪಶುವೈದ್ಯರಿಗೆ ಬಿಟ್ಟ ವಿಷಯ.

ಬಿದ್ದ ಮಾಸನ್ನು ಎಸೆಯದಿರಿ

ಮಾಸು ಬಿದ್ದೊಡನೆ ಹೂಳುವುದು ವಾಡಿಕೆ. ವೈದ್ಯರು ಬರುವವರೆಗೆ ಅದನ್ನು ಬಕೆಟ್ಟಿನಲ್ಲಿ ನೀರು ಹಾಕಿ, ನಾಯಿಗಳಿಗೆ ಸಿಗದಂತೆ ಮುಚ್ಚಿಡಬೇಕು. ನೆಲದ ಮೇಲೆ ಹರಡಿದಾಗ ಅದು ಎರಡು ಕೊಂಬುಗಳುಳ್ಳ ಚೀಲದಂತೆ ಕಾಣುತ್ತದೆ. ಮರಿ ಬೆಳೆಯದಿದ್ದ ಸಣ್ಣ ಕೊಂಬಿನ ತುದಿಯೇ ಸಾಮಾನ್ಯವಾಗಿ ಹರಿದು ಒಳಗೆ ಉಳಿಯುವುದು. ಅಂಗೈಯಗಲದ ತುಣುಕು ಸಾಕು, ಸೋಂಕು ಹಬ್ಬಲು.

ಹೆರಿಗೆಯ ಬಳಿಕ ಒಂದು ವಾರದವರೆಗೆ ಕಂದು ಬಣ್ಣದ ಸ್ರಾವವಾಗುವುದು ಸಹಜ. ಅದು ದುರ್ವಾಸನೆ ಬೀರಿದರೆ, ಕುದುರೆ ಮೇವು ಬಿಟ್ಟರೆ, ದೇಹದ ಉಷ್ಣತೆ 38.5 ಡಿಗ್ರಿ ಸೆಲ್ಸಿಯಸ್ ಮೀರಿದರೆ ಕಾಯಬಾರದು. ಹೆರಿಗೆಯಾದ ಕುದುರೆ ಬೆವರುತ್ತಾ ಹೊರಳಾಡಿ, ವಸಡು ಬಿಳಿಚಿಕೊಂಡರೆ ಅದನ್ನು ಬರಿಯ ಹೊಟ್ಟೆನೋವೆಂದು ಬಗೆಯುವಂತಿಲ್ಲ. ವಯಸ್ಸಾದ ಕುದುರೆಗಳಲ್ಲಿ ಗರ್ಭಕೋಶದ ರಕ್ತನಾಳ ಒಡೆದು ಒಳಗೇ ರಕ್ತಸ್ರಾವವಾಗುವುದುಂಟು. ಅಂಥ ಕುದುರೆಯನ್ನು ನಡೆಸದೆ, ಗದ್ದಲವಿಲ್ಲದ ಕತ್ತಲ ಕೊಟ್ಟಿಗೆಯಲ್ಲಿ ನಿಲ್ಲಿಸಿ ವೈದ್ಯರನ್ನು ಕರೆಸಬೇಕು.

ಮರಿಯ ಪಾಲಿನ ಗಿಣ್ಣುಹಾಲು

ಕುದುರೆಯ ಗರ್ಭದಲ್ಲಿ ತಾಯಿಯ ರೋಗನಿರೋಧಕ ಪ್ರತಿಕಾಯಗಳು ಮರಿಗೆ ದಾಟುವುದಿಲ್ಲ. ಅವು ದೊರೆಯುವುದು ಗಿಣ್ಣುಹಾಲಿನಿಂದ ಮಾತ್ರ. ಅವನ್ನು ಹೀರಿಕೊಳ್ಳುವ ಕರುಳಿನ ಶಕ್ತಿ ಗಂಟೆಗಂಟೆಗೂ ಕುಗ್ಗುತ್ತಾ 24 ಗಂಟೆಗಳಲ್ಲಿ ಇಲ್ಲವಾಗುತ್ತದೆ. ಆದ್ದರಿಂದ ಮೊದಲ ಹಾಲನ್ನು ಕರೆದು ಚೆಲ್ಲುವುದಾಗಲಿ, ಮನೆಮಂದಿಗೆ ಹಂಚುವುದಾಗಲಿ ಮರಿಗೆ ಮಾಡುವ ದ್ರೋಹ. ಹೊಕ್ಕುಳಬಳ್ಳಿಗೆ ಸಗಣಿ, ಬೂದಿ ಮೆತ್ತದೆ ವೈದ್ಯರು ಸೂಚಿಸಿದ ಕ್ರಿಮಿನಾಶಕ ದ್ರಾವಣ ಹಚ್ಚಬೇಕು. ಕುದುರೆ ಜಾತಿಗೆ ಧನುರ್ವಾಯುವಿನ ಭಯ ಇತರ ಸಾಕುಪ್ರಾಣಿಗಳಿಗಿಂತ ಹೆಚ್ಚು. ಹೆರಿಗೆಗೆ ನಾಲ್ಕರಿಂದ ಆರು ವಾರ ಮುಂಚೆ ತಾಯಿಗೆ ಧನುರ್ವಾಯು ಲಸಿಕೆ ಹಾಕಿಸಿದ್ದರೆ ಗಿಣ್ಣುಹಾಲಿನ ಮೂಲಕ ಮರಿಗೂ ರಕ್ಷಣೆ ದೊರೆಯುತ್ತದೆ.

ಒಂಬತ್ತನೆಯ ದಿನದ ಬೆದೆ

ಹೆತ್ತ ಕುದುರೆ ಮತ್ತೆ ಬೆದೆಗೆ ಬರುವ ವೇಗ ಅಚ್ಚರಿ ಹುಟ್ಟಿಸುವಂಥದು. ಐದರಿಂದ ಹನ್ನೆರಡು ದಿನಗಳೊಳಗೆ, ಹೆಚ್ಚಾಗಿ ಏಳರಿಂದ ಒಂಬತ್ತನೆಯ ದಿನದ ಸುಮಾರಿಗೆ ಮೊದಲ ಬೆದೆ ಕಾಣಿಸಿಕೊಳ್ಳುತ್ತದೆ. ಇದೇ ದಿನಗಳಲ್ಲಿ ಮರಿಗೆ ತುಸು ಭೇದಿಯಾಗುವುದುಂಟು. ತಾಯಿಯ ಹಾಲು ಕೆಟ್ಟಿತೆಂಬ ನಂಬಿಕೆ ಬಳಕೆಯಲ್ಲಿದ್ದರೂ, ತಬ್ಬಲಿ ಮರಿಗಳಲ್ಲೂ ಈ ಭೇದಿ ಕಾಣುವುದರಿಂದ ಹಾಲು ಕಾರಣವಲ್ಲವೆಂಬುದು ಸ್ಪಷ್ಟ.

ಈ ಬೆದೆಯಲ್ಲೇ ಗಂಡು ಕೂಡಿಸಬೇಕೇ? ಟಿಪ್ಪು ಸುಲ್ತಾನನ ಕಾಲದಿಂದ ಅಶ್ವಪಾಲನೆಗೆ ಹೆಸರಾದ ಕುಣಿಗಲ್‌ನಂಥ ಕಡೆ, ಜೂಜಿನ ಕುದುರೆ ಬೆಳೆಸುವವರಿಗೆ ಈ ಪ್ರಶ್ನೆ ಮಹತ್ವದ್ದು. ಗರ್ಭಾವಧಿ ಸುಮಾರು 340 ದಿನ. ಪ್ರತಿವರ್ಷ ಅದೇ ಕಾಲಕ್ಕೆ ಮರಿ ಬೇಕೆಂದರೆ ಉಳಿಯುವುದು 25 ದಿನಗಳಷ್ಟೇ. ಆದರೆ ಮೊದಲ ಬೆದೆಯಲ್ಲಿ ಗರ್ಭ ಕಟ್ಟುವ ಪ್ರಮಾಣ ಮುಂದಿನ ಬೆದೆಗಳಿಗಿಂತ ಕಡಿಮೆ.

ಕಾರಣ ಸರಳ. ಗರ್ಭಕೋಶದ ಒಳಪದರ ಸುಧಾರಿಸಲು ಎರಡು ವಾರ ಬೇಕು. ಅಂಡ ಬಿಡುಗಡೆಯಾದ ಐದಾರು ದಿನಗಳ ಬಳಿಕ ಭ್ರೂಣ ಅಲ್ಲಿಗೆ ಇಳಿಯುತ್ತದೆ. ಹತ್ತನೆಯ ದಿನದ ನಂತರ ಅಂಡ ಬಿಡುಗಡೆಯಾದರೆ ಭ್ರೂಣಕ್ಕೆ ಸಿದ್ಧವಾದ ನೆಲೆ ಸಿಗುತ್ತದೆ; ಅದಕ್ಕೂ ಮುಂಚೆಯಾದರೆ ಸಿಗದು. ಹೆರಿಗೆ ಕಷ್ಟವಾಗಿದ್ದರೆ, ಮಾಸು ಉಳಿದಿದ್ದರೆ, ಹಾದಿ ಹರಿದಿದ್ದರೆ ಅಥವಾ ಅಲ್ಟ್ರಾಸೌಂಡಿನಲ್ಲಿ ಗರ್ಭಕೋಶದೊಳಗೆ ದ್ರವ ಕಂಡರೆ ಮೊದಲ ಬೆದೆಯನ್ನು ಬಿಡುವುದೇ ಲೇಸು. ಟಾಂಗಾ ಕುದುರೆಗೆ ಈ ಅವಸರವೇ ಬೇಕಿಲ್ಲ. ಗಂಡು ಕೂಡಿಸಿದ್ದಾದರೆ 14ರಿಂದ 16ನೆಯ ದಿನ ಅಲ್ಟ್ರಾಸೌಂಡ್ ಮಾಡಿಸಬೇಕು. ಅವಳಿ ಗರ್ಭ ಕುದುರೆಗೆ ಗಂಡಾಂತರಕಾರಿ. ಅದನ್ನು ಪರಿಹರಿಸಲು ತಕ್ಕ ಕಾಲವೂ ಅದೇ.

ಮೇವು, ನೀರು, ವಿಶ್ರಾಂತಿ

ಮೊದಲ ತಿಂಗಳುಗಳಲ್ಲಿ ಕುದುರೆ ತನ್ನ ತೂಕದ ಶೇ 3ರಷ್ಟು ಹಾಲನ್ನು ದಿನವೂ ಉಣಿಸುತ್ತದೆ. ಬರಿಯ ಜೋಳದ ಕಣಿಕೆ ಇದಕ್ಕೆ ಸಾಲದು. ಕುದುರೆ ಮಸಾಲೆ ಸೊಪ್ಪು, ಉತ್ತಮ ಹುಲ್ಲು, ಖನಿಜ ಮಿಶ್ರಣ ಬೇಕು. ಕಾಳನ್ನು ಮಾತ್ರ ದಿನದಿನಕ್ಕೆ ಸ್ವಲ್ಪಸ್ವಲ್ಪವೇ ಹೆಚ್ಚಿಸಬೇಕು. ಒಮ್ಮೆಲೇ ಸುರಿದರೆ ಹೊಟ್ಟೆಶೂಲೆ, ಗೊರಸಿನ ಉರಿಯೂತ ಎರಡಕ್ಕೂ ಆಹ್ವಾನ. ಬೇಸಿಗೆಯಲ್ಲಿ ನೀರು ಸದಾ ಎದುರಿಗಿರಲಿ. ಮರಿಯೊಡನೆ ಬಯಲಿನಲ್ಲಿ ಅಡ್ಡಾಡಿದರೆ ಗರ್ಭಕೋಶ ಬೇಗ ಸಂಕುಚಿಸುತ್ತದೆ. ಆದರೆ ಆ ದಿನಗಳಲ್ಲಿ ಗಾಡಿಗೆ ಹೂಡುವುದು ತರವಲ್ಲ.

ರಾತ್ರಿ ಹೆರಿಗೆಯಾದ ಮೇಲೆ ವೈದ್ಯರನ್ನು ಹುಡುಕಲು ಹೊರಟರೆ ಮೂರು ಗಂಟೆ ದಾರಿಯಲ್ಲೇ ಕಳೆಯುತ್ತದೆ. ತಿಂಗಳು ತುಂಬುವ ಮೊದಲೇ ಸಮೀಪದ ಪಶು ಆಸ್ಪತ್ರೆಗೆ ತಿಳಿಸಿ, ಕುದುರೆ ಚಿಕಿತ್ಸೆಯ ಅನುಭವವುಳ್ಳ ವೈದ್ಯರ ದೂರವಾಣಿ ಸಂಖ್ಯೆ ಬರೆದಿಟ್ಟುಕೊಳ್ಳಬೇಕು. ಸಂಚಾರಿ ಪಶುಚಿಕಿತ್ಸಾ ವಾಹನದ ಸಹಾಯವಾಣಿ 1962. ಅದು ರಾತ್ರಿ ವೇಳೆ ತಮ್ಮ ಊರಿಗೆ ಬರುವುದೇ ಎಂಬುದನ್ನೂ ಹಗಲಲ್ಲೇ ವಿಚಾರಿಸಿಟ್ಟುಕೊಳ್ಳುವುದು ಒಳಿತು.